ನಾನು ನುಂಗಿದ ಅಕ್ಷರ

ಬ್ಲಾಮೊ ಸತ್ತ ಹದಿನಾರನೆಯ ದಿನ ಆ ಸದ್ದು ಮೊದಲ ಸಲ ಕೇಳಿಸಿತು. ಕೇಳಿಸಿದ್ದು ಬಾವಿಯ ಹತ್ತಿರ, ಬೆಳ್ಳಂಬೆಳಗ್ಗೆ, ನೀರಿಗೆ ಬಂದ ಹೆಂಗಸರಿಗೆ. ಗಂಡಸೊಬ್ಬ ಮಾತು ಶುರು ಮಾಡುವ ಮೊದಲು ಗಂಟಲು ಕೆರೆದುಕೊಂಡ ಹಾಗೆ, "ರ್‍ರ್‍ರ" ಅಂತ. ತಿರುಗಿ ನೋಡಿದರೆ ಯಾರೂ ಇಲ್ಲ. ಮಾರನೆಯ ದಿನ ಸಂತೆಯಲ್ಲಿ, ಒಣಮೀನು ಮಾರುವವಳ ಬೆನ್ನ ಹಿಂದೆ ಕೇಳಿಸಿತು. ಭಾನುವಾರ ಪ್ರಾರ್ಥನೆಯ ನಡುವೆ ಕೇಳಿಸಿತು. ಪಾದ್ರಿ ಬೋಧನೆ ನಿಲ್ಲಿಸಿ "ಯಾರು? ಹೇಳಿ" ಅಂದ. ಆಮೇಲೆ ಪಾಪ, ತಾನು ಎಲ್ಲಿಗೆ ನಿಲ್ಲಿಸಿದ್ದೆ ಅನ್ನುವುದೇ ಅವನಿಗೆ ಮರೆತುಹೋಯಿತು.

ಕೆಮ್ಮಾಗಿದ್ದರೆ ನಾವು ಹೆದರುತ್ತಿರಲಿಲ್ಲ. ಮಾತಾಡಲು ಹೊರಟು ನಿಂತುಹೋದ ಸದ್ದು ಅದು. ಅದು ಕೇಳಿಸಿದಾಗೆಲ್ಲ ಮುಂದಿನ ಪದಕ್ಕಾಗಿ ಮೈಯೆಲ್ಲ ಕಿವಿಯಾಗುತ್ತಿತ್ತು. ಪದ ಬರುತ್ತಿರಲಿಲ್ಲ. ಹೀಗೆ ಎರಡು ವಾರ ಕಾದು ಊರಿಗೆ ಊರೇ ಸುಸ್ತಾಯಿತು.

"ನನ್ ತಮ್ಮಂದೇ ಅದು. ಅವನಿಗೆ ಪಲಾವಾ ಉಳಿದಿದೆ" ಅಂದ ಟೂಗ್ಬೆ. ಬ್ಲಾಮೊನ ಅಣ್ಣ. ದೋಣಿ ಕೊರೆಯುವವನು, ಎದೆಗಾರ. ಮಾತು ಮಾತ್ರ ಕೊಡಲಿಯ ಏಟಿನಂತೆ ಬೀಳುತ್ತದೆ. "ಯಾರ ಮೇಲೆ ಅಂತ ಬೇರೆ ಹೇಳ್ಬೇಕಾ? ಹನ್ನೊಂದು ದಿನ ಗಂಡನ ಹತ್ರ ತುಟಿ ಬಿಚ್ಚದೇ ಇದ್ದೋಳ ಮೇಲೆ."

ಪಲಾವಾ ಅಂದರೆ ನಮ್ಮಲ್ಲಿ ಜಗಳ. ಗಂಡಹೆಂಡಿರ ನಡುವೆ ಮುಖ ತಿರುವಿಕೊಂಡರೂ ಪಲಾವಾ, ಎರಡು ಊರಿನವರು ಕತ್ತಿ ಹಿರಿದರೂ ಪಲಾವಾ. ಅದನ್ನು ತೀರಿಸಲು ಕೂರುವ ಗೋಡೆಯಿಲ್ಲದ ಗುಡಿಸಲಿಗೂ ಪಲಾವಾ ಮನೆ ಅಂತಲೇ ಹೆಸರು. ಹಡಗಿನ ಬಿಳಿಯರು ಪಲಾವರ್ ಅನ್ನುತ್ತಾರೆ, ತಮ್ಮ ಇಂಗ್ಲಿಷಿನ ಪದ ಅಂತ ನಮಗೇ ಕಲಿಸಲು ಬರುತ್ತಾರೆ. ಇರಲಿ. ಜಗಳ ತೀರಿದರೆ ಇಬ್ಬರೂ ಒಂದೇ ಪಾತ್ರೆಯ ನೀರನ್ನು ಬಾಯಿಗೆ ತುಂಬಿಕೊಂಡು ನೆಲಕ್ಕೆ ಉಗುಳುತ್ತಾರೆ. ಒಳಗಿನ ಬಿಸಿ ಹೋಯಿತು ಅಂತ ಅರ್ಥ. ಬ್ಲಾಮೊ ಆ ನೀರು ಮುಟ್ಟದೆ ಸತ್ತಿದ್ದ.

ಸತ್ತವನಿಗೆ ಹೆಂಡತಿಯ ಮೇಲೆ ಪಲಾವಾ ಇದೆ ಅಂತ ತೀರ್ಮಾನವಾದರೆ ಅವಳು ತವರಿಗೆ ಹೋಗಬೇಕು, ಮಕ್ಕಳು ಗಂಡನ ಮನೆಯಲ್ಲಿ ಉಳಿಯಬೇಕು. ಬ್ಲಾಮೊನ ಹೆಂಡತಿ ಟನ್ನೆಗೆ ಇದ್ದದ್ದು ಒಬ್ಬಳೇ ಮಗಳು, ಜುವಾ, ಆರು ವರ್ಷದವಳು. ಟನ್ನೆಯ ತವರು ನಾಲ್ಕು ದಿನದ ದಾರಿ, ಎರಡು ನದಿಯ ಆಚೆ. ಅಲ್ಲಿಗೆ ಹೋದವರು ಮಕ್ಕಳನ್ನು ನೋಡಲು ಹಿಂದಿರುಗಿ ಬರುವುದು ಅಂತೇನಿಲ್ಲ.

ಇದರಲ್ಲಿ ನಾನು ಯಾರು ಅಂದರೆ, ಮಾತು ಹೊರುವವನು. ಹೆಸರು ತಾರ್ಪೆ. ಪಲಾವಾ ಮನೆಯಲ್ಲಿ ಜಗಳದವರು ಒಬ್ಬರಿಗೊಬ್ಬರು ನೇರವಾಗಿ ಮಾತಾಡುವಂತಿಲ್ಲ. ನೇರ ಮಾತಾಡಿದರೆ ಬಾಯಿಯ ಜೊತೆ ಕೈಯೂ ಮಾತಾಡುತ್ತದೆ. ಒಬ್ಬ ನನಗೆ ಹೇಳುತ್ತಾನೆ, ನಾನು ಕೋಲು ಹಿಡಿದು ತಿರುಗಿ ಇನ್ನೊಬ್ಬನಿಗೆ ಹೇಳುತ್ತೇನೆ. ಅವನು ಆಡಿದ್ದೇ ಪದ, ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಬೈಗುಳವಿದ್ದರೆ ಬೈಗುಳವನ್ನೂ. ಮೂವತ್ತೊಂದು ವರ್ಷ ಹೊತ್ತೆ. ಒಂದೇ ಒಂದು ಪದ ಬೀಳಿಸಿದ್ದೇನೆ ಅಂತ ಯಾರೂ ಹೇಳಿರಲಿಲ್ಲ, ನಾನೂ ಹಾಗೆಯೇ ನಂಬಿದ್ದೆ. ನನಗೆ ಅದರ ಜಂಬವೂ ಇತ್ತು, ಯಾಕೆ ಸುಳ್ಳು ಹೇಳಲಿ.

ಬ್ಲಾಮೊ ಹಡಗಿನ ಕೆಲಸಕ್ಕೆ ಹೋದದ್ದು ಒಂದು ಮಾತನ್ನು ಅರ್ಧಕ್ಕೆ ಬಿಟ್ಟು. ಗಂಡು ಮಗು ಇಲ್ಲ, ಇನ್ನೊಬ್ಬಳನ್ನು ಕಟ್ಟಿಕೋ ಅಂತ ಟೂಗ್ಬೆ ಹಟ ಹಿಡಿದಿದ್ದ. ಹುಡುಗಿಯನ್ನೂ ನೋಡಿಟ್ಟಿದ್ದ. "ನೀನೇನಂತೀಯ?" ಅಂತ ಟನ್ನೆ ಗಂಡನನ್ನು ಕೇಳಿದ್ದಳು. ಅವನು "ಯೋಚ್ನೆ ಮಾಡಿ ಹಡಗಿನಿಂದ ಹೇಳಿ ಕಳಿಸ್ತೀನಿ" ಅಂದಿದ್ದ. ಮೆಲ್ಲಗೆ ಯೋಚಿಸುವ ಗಂಡಸು, ಹಾಗಂತ ದಡ್ಡನಲ್ಲ.

ಎಂಟು ತಿಂಗಳ ಮೇಲೆ ಕಾಗದ ಬಂತು. ಬ್ಲಾಮೊಗೆ ಬರೆಯಲು ಬಾರದು, ಹಡಗಿನ ಅಡುಗೆಯವನ ಕೈಯಲ್ಲಿ ಬರೆಸಿದ್ದ. ಟನ್ನೆಗೆ ಓದಲು ಬಾರದು, ನನ್ನ ಅಂಗಳಕ್ಕೆ ಬಂದಳು. ಒದ್ದೆ ಕೈಯನ್ನು ಸೊಂಟಕ್ಕೆ ಸುತ್ತಿದ ಬಟ್ಟೆಗೆ ಮೂರು ಸಲ ಒರೆಸಿಕೊಂಡು ಕಾಗದ ಕೊಟ್ಟಳು.

"ಮೆಲ್ಲಗೆ ಓದು ಮಾವ. ಓಡಿಸ್ಬೇಡ."

"ಓಡಿಸೋಕೆ ಇದೇನು ಕುರೀನಾ? ಎರಡೇ ಸಾಲಿದೆ."

ಅಡುಗೆಯವನ ಇಂಗ್ಲಿಷು ನನ್ನ ಮೊಮ್ಮಗನ ಇಂಗ್ಲಿಷಿಗಿಂತ ಕಡೆ. ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು. ಒಂದು ಕಡೆ ಬೇಡದ ಅಕ್ಷರವೊಂದು ನುಗ್ಗಿತ್ತು. ನಾನು ಮನಸ್ಸಿನಲ್ಲೇ ಅದನ್ನು ತಿದ್ದಿ ಓದಿದೆ: "ನನ್ನ ಪಲಾವಾ ಟನ್ನೆಗೆ. ಬಂದ ಮೇಲೆ ಅವಳೇ ನೋಡುತ್ತಾಳೆ."

ಟನ್ನೆ ಕಾಗದವನ್ನು ಇಸಿದುಕೊಂಡು ತಿರುಗಿಸಿ ಹಿಂಬದಿ ನೋಡಿದಳು. "ಇಷ್ಟೇನಾ?"

"ಇಷ್ಟೇ."

"ನಂದೇನು ತಪ್ಪು ಮಾವ? ಗಂಡು ಹೆರಲಿಲ್ಲ ಅಂತಾನಾ? ಅಲ್ಲಿ ಹೋಗಿ ಕೂತು, ಯೋಚ್ನೆ ಮಾಡಿ, ಇದನ್ನ ಬರೆಸಿದ್ನಾ?"

ಬರೆದದ್ದನ್ನು ಓದುವುದಷ್ಟೇ ನನ್ನ ಕೆಲಸ ಅಂದೆ. ಅವಳು ಕಾಗದವನ್ನು ಮನೆಗೆ ಒಯ್ದು ಒಲೆಗೆ ಹಾಕಿದಳಂತೆ.

ಬ್ಲಾಮೊ ಬಂದಿಳಿದ ದಿನ ಊರೆಲ್ಲ ದಂಡೆಗೆ ಹೋಯಿತು, ಅವಳು ಹೋಗಲಿಲ್ಲ. ಅವನು ಮನೆಗೆ ಬಂದ, ಅವಳು ಬೆನ್ನು ತಿರುಗಿಸಿ ಮರಗೆಣಸು ಸುಲಿಯುತ್ತಿದ್ದಳು. ಹನ್ನೊಂದು ದಿನ ಒಂದು ಮಾತಿಲ್ಲ. ಅವನೂ ಕೇಳಲಿಲ್ಲ. ಕಾಗದ ಕಳಿಸಿದ್ದೇನಲ್ಲ, ಇನ್ನೇನು ಬೇಕು ಇವಳಿಗೆ ಅಂತ ಅವನಿಗೂ ಬಿಗುಮಾನ ಬಂದಿರಬೇಕು. ಹನ್ನೆರಡನೆಯ ದಿನ ಅಲೆ ಜೋರಾಗಿತ್ತು, ಬೇಡ ಬೇಡ ಅಂದರೂ ಕೇಳದೆ ದೋಣಿ ನೂಕಿಕೊಂಡು ಮೀನಿಗೆ ಹೋದ. ಮೂರು ದಿನದ ಮೇಲೆ ಸಮುದ್ರ ಅವನನ್ನು ತಂದು ದಂಡೆಗೆ ಹಾಕಿತು. ಬಾಯಿ ತೆರೆದಿತ್ತು. ಎಷ್ಟು ಒತ್ತಿದರೂ ಮುಚ್ಚಲಾಗಲಿಲ್ಲ, ಹಾಗೆಯೇ ಹೂತೆವು.

ಆ ಸದ್ದು ನಿಲ್ಲದಿದ್ದಾಗ ಊರ ಹಿರಿಯ ಜಪ್ಪಾ ತಾತ ಸತ್ತವನನ್ನು ಪಲಾವಾ ಮನೆಗೆ ಕರೆಸಿದ. ನಡುಮಧ್ಯಾಹ್ನ, ನೆರಳು ಕಾಲಡಿಗೆ ಬರುವ ಹೊತ್ತು. ಹಾಗೆ ಮಾಡುವುದು ನಮ್ಮಲ್ಲಿ ಅಪರೂಪ, ನನ್ನ ಕಾಲದಲ್ಲಿ ಅದೇ ಮೊದಲು. ಒಂದು ಖಾಲಿ ಮಣೆ ಇಟ್ಟರು, ಅದರ ಮೇಲೆ ಅವನ ನೀಲಿ ಟೊಪ್ಪಿ. ಎದುರಿನ ಮಣೆಯಲ್ಲಿ ಟನ್ನೆ, ಮಡಿಲಲ್ಲಿ ಜುವಾ. ನಡುವೆ ನಾನು. ಹೆಂಡತಿಯ ಮೇಲೆ ಪಲಾವಾ ಇದೆಯಾ ಅಂತ ಮಣೆಯನ್ನು ಮೂರು ಸಲ ಕೇಳಬೇಕು, ಮೂರು ಸಲವೂ ಮಣೆ ಸುಮ್ಮನಿದ್ದರೆ ಸತ್ತವನಿಗೆ ಪಲಾವಾ ಇಲ್ಲ ಅಂತ ಲೆಕ್ಕ.

ಸುಮ್ಮನಿರದೆ ಮಣೆ ಇನ್ನೇನು ಮಾಡೀತು ಅಂದುಕೊಂಡೇ ನಾನು ನಿಂತದ್ದು. ಟನ್ನೆಯನ್ನು ಊರು ಬಿಡಿಸುವ ಮನಸ್ಸು ಜಪ್ಪಾ ತಾತನಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಮೊದಲು ಟೂಗ್ಬೆ ಎದ್ದ. "ಮಾತು ಹೊರೋನೇ, ಅವಳಿಗೆ ಹೇಳು. ನನ್ ತಮ್ಮ ಹಸಿದು ಬಂದ, ಅವಳು ಪಾತ್ರೆ ಕವುಚಿ ಹಾಕಿದ್ಲು. ಅವನ ಬಾಯಿ ಮುಚ್ಚಿಸಿದ್ದು ಸಮುದ್ರ ಅಲ್ಲ."

ನಾನು ತಿರುಗಿ ಹೇಳಿದೆ. ಟನ್ನೆ ಕೇಳಿಸಿಕೊಂಡಳು.

"ಮಾತು ಹೊರೋ ಮಾವ, ಆ ಮಣೆಗೆ ಹೇಳು" ಅಂದಳು. ದನಿ ಒಣಗಿತ್ತು. "ಪಲಾವಾ ಅಂತ ಮೊದಲು ಹೇಳಿ ಕಳಿಸಿದ್ದು ನೀನು. ನಾನಲ್ಲ. ನಾನು ಏನು ಮಾಡ್ದೆ ಅಂತ ನೀನಾದ್ರೂ ಹೇಳ್ಬೋದಿತ್ತು. ಹನ್ನೊಂದು ದಿನ ಕಾದೆ. ಈಗ್ಲಾದ್ರೂ ಹೇಳು. ಹೇಳಿ ಬೇಕಾದ್ರೆ ನನ್ನ ಕಳಿಸು. ಮಗೂನ ಮಾತ್ರ ಕಿತ್ಕೋಬೇಡ."

ನಾನು ಮಣೆಗೆ ಹೇಳಿದೆ. ಖಾಲಿ ಮಣೆಗೆ ಮಾತು ಒಪ್ಪಿಸುವುದು ಅಂದುಕೊಂಡಷ್ಟು ಸುಲಭವಲ್ಲ. ಜೀವವಿದ್ದವರು ಕಣ್ಣಿನಿಂದ, ಹುಬ್ಬಿನಿಂದ ಮಾತನ್ನು ತೆಗೆದುಕೊಳ್ಳುತ್ತಾರೆ. ಇಲ್ಲಿ ತೆಗೆದುಕೊಳ್ಳುವವರಿಲ್ಲ ಅಂದುಕೊಂಡಿದ್ದೆ. ತೆಗೆದುಕೊಂಡರು. ನಾನು ಆಡಿದ ಒಂದೊಂದು ಪದವನ್ನೂ ಯಾರೋ ನನ್ನ ಬಾಯಿಯ ಮುಂದೆಯೇ ಹಿಡಿದುಕೊಂಡ ಹಾಗಾಯಿತು. ನನ್ನ ದನಿ ಎರಡು ಮಾರು ಆಚೆ ಕೂತವರಿಗೂ ಕೇಳಿಸಲಿಲ್ಲವಂತೆ.

ಮೊದಲ ಸಲ ಕೇಳಿದೆ. ಏನೂ ಇಲ್ಲ. ಎರಡನೆಯ ಸಲ ಕೇಳಿದೆ. ಮಣೆಯ ಕಾಲ ಬುಡದಲ್ಲಿ ಮರಳು ಒದ್ದೆಯಾಯಿತು, ಅಂಗೈಯಗಲ. ಮಳೆಯಿಲ್ಲ, ಪಾತ್ರೆಯ ನೀರು ಇನ್ನೂ ಮೂಲೆಯಲ್ಲಿತ್ತು. ಮುಂದೆ ಕೂತಿದ್ದ ಹೆಂಗಸರು ಎದ್ದು ಹಿಂದೆ ಹೋದರು.

ಮೂರನೆಯ ಸಲ ಕೇಳಿ, ಹತ್ತು ಉಸಿರಿನಷ್ಟು ಕಾದು, "ಅವನಿಗೆ ಮಾತಿಲ್ಲ" ಅಂತ ಹೇಳಲು ಟನ್ನೆಯ ಕಡೆ ತಿರುಗಿದೆ. ಬಾಯಿ ತೆರೆದೆ. ಬಾಯೊಳಗೆ ಉಪ್ಪು. ನನ್ನ ನಾಲಗೆ ನನ್ನದಲ್ಲದ ಹಾಗೆ ಮೇಲಕ್ಕೆ ಎದ್ದಿತು. ಆಮೇಲೆ ನನ್ನ ಗಂಟಲಿನಿಂದ ಬ್ಲಾಮೊನ ದನಿ ಬಂತು. ಸ್ವಲ್ಪ ಒಡೆದ, ಮೆಲ್ಲನೆಯ ದನಿ, ಊರಿನ ನಾಯಿಗಳಿಗೂ ಪರಿಚಯವಿದ್ದದ್ದು.

"ನನ್ನ ಪಲಾವ್ರಾ ಟನ್ನೆಗೆ."

ಅಷ್ಟೇ. ನಾಲಗೆ ಮತ್ತೆ ನನ್ನದಾಯಿತು.

ಆಮೇಲೆ ಒಂದೇ ಸಲಕ್ಕೆ ಗದ್ದಲ. "ಪಲಾವಾ ಅಂದ! ಟನ್ನೆ ಮೇಲೆ ಅಂದ! ಕೇಳಿದ್ರಾ?" ಟೂಗ್ಬೆಯ ಕಣ್ಣಲ್ಲಿ ನೀರು ಬಂದಿತ್ತು, ತಮ್ಮನ ದನಿ ಕೇಳಿ. ಅಳುತ್ತಲೇ ಬಂದು ಜುವಾಳ ತೋಳು ಹಿಡಿದ. ಟನ್ನೆ ಕಿರುಚಲಿಲ್ಲ. ಮಗಳ ಸೊಂಟವನ್ನು ಎರಡೂ ಕೈಯಿಂದ ಅಪ್ಪಿ ಹಿಡಿದು ಮಣೆಯನ್ನೇ ನೋಡುತ್ತಿದ್ದಳು.

ಎಲ್ಲರೂ ಕೇಳಿದ್ದು ಪಲಾವಾ. ನನ್ನ ನಾಲಗೆ ಆಡಿದ್ದು ಪಲಾವ್ರಾ. ನಡುವೆ ಒಂದು ರಕಾರ, ಗಂಟಲು ಕೆರೆದ ಹಾಗೆ.

ನನಗೆ ಗೊತ್ತಿದ್ದ ಪದ ಅದು, ಅದೇ ನನ್ನ ಪಾಪ. ಹರೆಯದಲ್ಲಿ ನಾನೂ ಎರಡು ವರ್ಷ ಹಡಗಿನಲ್ಲಿ ದುಡಿದಿದ್ದೆ. ಅಲ್ಲಿಯ ಅಡುಗೆಯವನು ದ್ವೀಪದವನು, ಪೋರ್ಚುಗೀಸರ ಮಾತಾಡುವವನು. ಪಾತ್ರೆಯ ತಳದ ಸೀಕಲು ಅನ್ನ ಇವತ್ತು ನಿನಗೇ ಅಂತ ಎದೆಯ ಮೇಲೆ ಕೈಯಿಟ್ಟು "ಪಲಾವ್ರಾ!" ಅನ್ನುತ್ತಿದ್ದ. ಅವರಲ್ಲಿ ಪಲಾವ್ರಾ ಅಂದರೆ ಮಾತು. ಕೊಟ್ಟ ಮಾತು. ಅವರ ಹಿಂದಿನವರು ಇಂಗ್ಲಿಷರಿಗಿಂತ ಮುಂಚೆಯೇ ನಮ್ಮ ದಂಡೆಗೆ ಬಂದು ನಮ್ಮ ಹಿರಿಯರ ಎದುರು ಕೂತು "ಒಂದು ಮಾತು, ಒಂದು ಮಾತು" ಅಂದಿರಬೇಕು. ಮಾತು ದಿನಗಟ್ಟಲೆ ಬೆಳೆದು ಜಗಳಕ್ಕೆ ಮುಟ್ಟಿರಬೇಕು. ನಮ್ಮವರಿಗೆ ಕೊನೆಗೆ ಉಳಿದದ್ದು ಜಗಳ, ಅದಕ್ಕೇ ಆ ಹೆಸರಿಟ್ಟರು. ನಮ್ಮ ನಾಲಗೆಯಲ್ಲಿ ರಕಾರ ಸವೆದುಹೋಯಿತು. ಇಂಗ್ಲಿಷರು ಅದನ್ನು ನಮ್ಮಿಂದ ಎತ್ತಿಕೊಂಡು ಹೋದರು.

ಬ್ಲಾಮೊನ ಕಾಗದ ಬರೆದವನೂ ಅಂಥ ದ್ವೀಪದವನೇ ಇರಬೇಕು. ನಾನು ತಪ್ಪು ಅಂತ ತಿದ್ದಿದ ಅಕ್ಷರ ಅದೇ. ಅವನು ಬರೆಸಿದ್ದು ಹೀಗೆ: ನನ್ನ ಮಾತು ಟನ್ನೆಗೆ, ಬಂದ ಮೇಲೆ ಅವಳೇ ನೋಡುತ್ತಾಳೆ. ಇನ್ನೊಬ್ಬಳನ್ನು ಕಟ್ಟಿಕೊಳ್ಳುವುದಿಲ್ಲ ಅಂತ ಅವನು ಎಂಟು ತಿಂಗಳು ಯೋಚಿಸಿ ಬರೆಸಿದ್ದನ್ನು ನಾನು ಎರಡು ಉಸಿರಲ್ಲಿ ಬೆದರಿಕೆ ಮಾಡಿ ಓದಿದ್ದೆ. ಬಾವಿಯಲ್ಲಿ, ಸಂತೆಯಲ್ಲಿ, ಪ್ರಾರ್ಥನೆಯಲ್ಲಿ ಅವನು ಗಂಟಲು ಕೆರೆಯುತ್ತಿರಲಿಲ್ಲ. ನಾನು ನುಂಗಿದ ಅಕ್ಷರವನ್ನು ಊರೆಲ್ಲ ಕೇಳಿಕೊಂಡು ತಿರುಗುತ್ತಿದ್ದ.

ಕಾಗದ ಬೂದಿಯಾಗಿತ್ತು. ನಾನು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಾತು ಬೀಳಿಸಿದ ಹೊರುವವನ ಕೋಲನ್ನು ಮುರಿದು ಸಮುದ್ರಕ್ಕೆ ಹಾಕುತ್ತಾರೆ, ಆಮೇಲೆ ಊರಿನಲ್ಲಿ ಅವನ ಸಾಕ್ಷಿಗೂ ಬೆಲೆಯಿಲ್ಲ, ಸಲಹೆಗೂ ಬೆಲೆಯಿಲ್ಲ. ನಾನು ಸುಮ್ಮನಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಸುಮ್ಮನಿದ್ದೆ. ಟೂಗ್ಬೆ ಟನ್ನೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಗುವನ್ನು ಕಂಬದ ತನಕ ಎಳೆದುಕೊಂಡು ಹೋಗುವಷ್ಟು ಹೊತ್ತು ಸುಮ್ಮನಿದ್ದೆ.

ಆಮೇಲೆ ಕೋಲನ್ನು ನೆಲದ ಮೇಲೆ ಇಟ್ಟೆ. "ಮಗೂನ ಬಿಡು ಟೂಗ್ಬೆ. ಮಾತು ಬೀಳಿಸಿದ್ದು ನಾನು."

ಎಲ್ಲವನ್ನೂ ಹೇಳಿದೆ. ಕಾಗದ, ದ್ವೀಪದವನು, ರಕಾರ. ಹೇಳುತ್ತಾ ಹೋದಂತೆ ನನಗೇ ಕಟ್ಟುಕತೆಯ ಹಾಗೆ ಕೇಳಿಸಿತು.

"ಚೆನ್ನಾಗಿದೆ!" ಅಂದ ಟೂಗ್ಬೆ. "ಹೆಂಗಸು ಅಳ್ತಾಳೆ ಅಂತ ಮುದುಕ ಕರಗಿಹೋದ. ಪಲಾವಾಗೆ ಒಂದು ರ ಸೇರಿಸಿ ಪ್ರೀತಿ ಮಾಡ್ಬಿಟ್ಟ! ನಾಳೆ ನನ್ ಕೊಡಲಿಗೆ ಒಂದು ರ ಸೇರಿಸು ಮಾವ, ಹಾಡು ಹೇಳುತ್ತೇನೋ ನೋಡೋಣ."

ಕೆಲವರು ನಕ್ಕರು. ಹೆದರಿದ ಜನ ಬೇಗ ನಗುತ್ತಾರೆ. ಆಗ ಅವನ ಕೈಯಲ್ಲಿ ಜೋತಾಡುತ್ತಿದ್ದ ಜುವಾ ತಲೆ ಎತ್ತಿದಳು. ಮಕ್ಕಳು ಪಲಾವಾ ಮನೆಯಲ್ಲಿ ಬಾಯಿ ತೆರೆಯುವಂತಿಲ್ಲ.

"ದೊಡ್ಡಪ್ಪ, ಅಪ್ಪ ನಂಗೂ ಕೊಟ್ಟಿದ್ದ."

"ಏನು ಕೊಟ್ಟಿದ್ದ?"

"ಪಲಾವ್ರಾ." ನಾಲಗೆಯನ್ನು ಮೇಲಕ್ಕೆ ಎತ್ತಿ, ರಕಾರವನ್ನು ಉರುಳಿಸಿ, ಪುಟ್ಟ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡು ಹೇಳಿದಳು. "ಹಿಂಗೆ. ಹಡಗಲ್ಲಿ ಕಲಿತಿದ್ದು ಅಂದ. ನಿಮ್ಮಮ್ಮ ಸಾರು ಮಾಡೋ ಹಂಗೆ ಒಂದು ದೊಡ್ಡ ಮೀನು ತರ್ತೀನಿ, ಆಗ ಅವಳು ಮಾತಾಡ್ತಾಳೆ, ಪಲಾವ್ರಾ ಅಂದ. ಆಮೇಲೆ ದೋಣಿ ತಗೊಂಡು ಹೋದ."

ಟೂಗ್ಬೆಯ ಕೈ ತಾನಾಗಿಯೇ ಸಡಿಲವಾಯಿತು. ಜುವಾ ಓಡಿ ತಾಯಿಯ ಮಡಿಲಿಗೆ ಹೋದಳು. ಅಷ್ಟು ಜನರಲ್ಲಿ ಒಬ್ಬರೂ ಇನ್ನೊಬ್ಬರ ಮುಖ ನೋಡಲಿಲ್ಲ.

ಜಪ್ಪಾ ತಾತ ಹೆಚ್ಚು ಮಾತಾಡಲಿಲ್ಲ. ಸತ್ತವನಿಗೆ ಹೆಂಡತಿಯ ಮೇಲೆ ಪಲಾವಾ ಇಲ್ಲ, ಮಗು ತಾಯಿಯದು ಅಂದ. ನನ್ನ ಕೋಲನ್ನು ಟೂಗ್ಬೆಯ ಕೈಗೆ ಕೊಟ್ಟ. ಅವನು ಮೊಣಕಾಲಿಗೆ ಹೊಡೆದು ಒಂದೇ ಏಟಿಗೆ ಮುರಿದ. ಟನ್ನೆ ಪಾತ್ರೆಯ ನೀರನ್ನು ಬಾಯಿಗೆ ತುಂಬಿಕೊಂಡು ಖಾಲಿ ಮಣೆಯ ಎದುರು ಉಗುಳಿದಳು. ಅಂದಿನಿಂದ ಆ ಸದ್ದು ಊರಿನಲ್ಲಿ ಯಾರಿಗೂ ಕೇಳಿಸಿಲ್ಲ.

"ಟನ್ನೆ, ಈಗ ಪಲಾವಾ ಇರೋದು ನಿನಗೂ ತಾರ್ಪೆಗೂ" ಅಂದ ಜಪ್ಪಾ ತಾತ. "ಏನು ಮಾಡ್ತೀಯೋ ನಿನಗೆ ಬಿಟ್ಟಿದ್ದು."

ನಾನು ಬಗ್ಗಿ ಅವಳ ಪಾದ ಹಿಡಿದುಕೊಂಡೆ. ನನ್ನ ಮಗಳ ವಯಸ್ಸಿನವಳು. ಪಾದ ತಣ್ಣಗಿತ್ತು. ಜಪ್ಪಾ ತಾತ ನೀರಿನ ಪಾತ್ರೆಯನ್ನು ನಮ್ಮಿಬ್ಬರ ನಡುವೆ ಇಟ್ಟ. ಅವಳು ಅದನ್ನು ಎತ್ತಿಕೊಂಡಳು, ತುಟಿಯ ತನಕ ತಂದಳು.

"ಮಾವ, ಬಾಯಿಗೆ ತಗೋತೀನಿ. ಅದಕ್ಕೆ ಮುಂಚೆ ಆ ಮಾತು ಇನ್ನೊಂದ್ಸಲ ಹೇಳು."

"ನನ್ನ ಪಲಾವ್ರಾ ಟನ್ನೆಗೆ" ಅಂದೆ.

"ಹಂಗಲ್ಲ. ಆಗ ಹೇಳಿದ್ಯಲ್ಲ, ಹಂಗೆ. ಅವನ ದನೀಲಿ. ಆಗ ನಾನು ಮಗೂನ ಹಿಡ್ಕೊಂಡಿದ್ದೆ, ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ."

ನಾನು ಕಣ್ಣು ಮುಚ್ಚಿದೆ. ನಾಲಗೆಯನ್ನು ಮೇಲಕ್ಕೆ ಎತ್ತಿದೆ, ಉಪ್ಪಿಗಾಗಿ ಹುಡುಕಿದೆ, ಒಣಗಿದ ಎಂಜಲಷ್ಟೇ ಸಿಕ್ಕಿತು. ಹೇಳಿದೆ. ಮತ್ತೊಮ್ಮೆ ಹೇಳಿದೆ. ಎಷ್ಟು ಸಲ ಹೇಳಿದರೂ ಬಂದದ್ದು ನನ್ನ ಮುದಿ ದನಿಯೇ.

ಟನ್ನೆ ಪಾತ್ರೆ ಹಿಡಿದುಕೊಂಡು ಬಹಳ ಹೊತ್ತು ಕಾದಳು. ಆಮೇಲೆ ಅದನ್ನು ನೀರು ತುಳುಕದ ಹಾಗೆ ಮೆಲ್ಲಗೆ ನೆಲಕ್ಕೆ ಇಟ್ಟು, ಮಗಳನ್ನು ಎತ್ತಿಕೊಂಡು ಮನೆಗೆ ಹೋದಳು.